ಏಕನಾಥ ಮಾಸ್ತರರ ಸೋಲ್ ದರ್ಶನ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದಲ್ಲಿ ಏಕನಾಥ ಮಾಸ್ತರರು ಕಣ್ಣಾರೆ ಕಂಡದ್ದು ವಿಮಾನ ನಿಲ್ದಾಣ, ಹೋಟೆಲಿನ ಕೋಣೆ ಮತ್ತು ಆ ಕೋಣೆಯ ಛಾವಣಿ. ಪ್ರವಾಸದ ಮೊದಲ ಬೆಳಿಗ್ಗೆ ಬೂಟಿನ ಲೇಸು ಕಟ್ಟಲು ಬಗ್ಗಿದವರು ಹಾಗೆಯೇ ಉಳಿದುಬಿಟ್ಟರು. ಸೊಂಟ ಹಿಡಿದಿತ್ತು. ಹೆಂಡತಿ ಮೃಣಾಲಿನಿ ಮುಲಾಮು ತಿಕ್ಕಿ, ಚಟ್ನಿಪುಡಿಯ ಡಬ್ಬಿ ಕೈಗೆಟುಕುವಂತೆ ಇಟ್ಟು, "ಇಬ್ರೂ ಮಲಕೊಂಡ್ರ ಊರು ನೋಡವ್ರು ಯಾರ್ರೀ?" ಎಂದು ಇಳಕಲ್ ಸೀರೆಯುಟ್ಟು ಗುಂಪಿನ ಜೊತೆ ಹೊರಟಳು. ನಾಲ್ಕೂ ದಿನ ಹೊರಟಳು.

ಆದರೆ ಧಾರವಾಡಕ್ಕೆ, ಸಪ್ತಾಪುರದ ಮನೆಗೆ ಮರಳಿದ ಮೇಲೆ ಬಾಯಿ ತೆರೆದವರು ಮಾಸ್ತರರೇ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿದವರು. ಮಲಗಿದಲ್ಲೇ ಒಂದು ದಪ್ಪ ಪುಸ್ತಕ ಹಿಡಿದು ಕೊರಿಯಾದ ಚರಿತ್ರೆಯನ್ನೆಲ್ಲ ಓದಿ ಮುಗಿಸಿದ್ದರು. (ಪಾಣಿಪತ್ತನ್ನು ನೋಡದೆಯೇ ಅಲ್ಲವೇ ಅಲ್ಲಿನ ಮೂರೂ ಯುದ್ಧ ಕಲಿಸಿದ್ದು?) ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಕೊರಿಯಾ.

"ಜೊಸೊನ್ ವಂಶ ಐದುನೂರು ವರ್ಷ ಆಳಿತ್ರಿ! ಸೆಜೊಂಗ್ ಮಹಾರಾಜ ಪ್ರಜಾಗೋಳ ಸಲುವಾಗಿ ಹೊಸಾ ಲಿಪೀನ ಕೊಟ್ಟ! ಗ್ಯೊಂಗ್‌ಬೊಕ್‌ಗುಂಗ್ ಅರಮನ್ಯಾಗ ಸಿಂಹಾಸನದ ಮುಂದ ನಿಂತಾಗ ನನ್ನ ಕಣ್ಣು ತುಂಬಿ ಬಂತು ನೋಡ್ರಿ!"

ಅಡುಗೆಮನೆಯಲ್ಲಿ ಒಂದು ಪಾತ್ರೆ ದಢಾರೆಂದು ಬೀಳುತ್ತಿತ್ತು.

"ಇಷ್ಟ್ಯಾಕ ಸುಳ್ಳು ಹೇಳತೀರಿ?" ಬಂದವರು ಹೋದಮೇಲೆ ಮೃಣಾಲಿನಿ ಕೇಳುತ್ತಿದ್ದಳು.

"ಸುಳ್ಳು ಎಲ್ಲಿ ಅದ? ಕಣ್ಣು ಖರೇನ ತುಂಬಿತ್ತು."

"ಅದು ಸೊಂಟದ ಸಲುವಾಗಿ!"

ಹೀಗಿರಲು ಒಂದು ಭಾನುವಾರ ಓಣಿಯ ಎಂಟು ಜನ ಹೆಣ್ಣುಮಕ್ಕಳು ಮಾಸ್ತರರ ಪಡಸಾಲೆಗೆ ಬಂದು ಕುಳಿತರು. ಮುಂದಿನ ತಿಂಗಳು ಅವರ ಸವಾರಿಯೂ ಸೋಲ್‌ಗೆ ಹೊರಟಿತ್ತು. ಹೋಗುವ ಮುಂಚೆ ದೇಶದ ಪರಿಚಯ ಬೇಕಂತೆ. ಮುಂದಾಳು ಬ್ಯಾಂಕಿನ ವಿದ್ಯಾ. ಪ್ರವಾಸಕ್ಕೆಂದು ಬೆಂಗೇರಿಯಿಂದ ಬಂದಿಳಿದ ತಾಯಿ ಸತ್ಯವ್ವನನ್ನೂ ಕರೆತಂದಿದ್ದಳು.

ಮಾಸ್ತರರು ಶಾಲು ಹೊದ್ದುಕೊಂಡೇ ಶುರುಮಾಡಿದರು. ಹಾನ್ ನದಿ ಹರಿಯಿತು, ಕಿಮ್ಚಿ ಹುಳಿಯೇರಿತು, ಸಿಂಹಾಸನದ ಮುಂದೆ ಕಣ್ಣೂ ತುಂಬಿತು. ಆಗ ಸತ್ಯವ್ವ ಮೆಲ್ಲಗೆ ಕೇಳಿದಳು:

"ಮಾಸ್ತರ, ಆ ಅರಮನ್ಯಾಗ ಪಾವಟಿಗಿ ಭಾಳ ಅದಾವೇನ್ರಿ? ನನಗ ಮೊಣಕಾಲು ಬ್ಯಾನಿ. ನೀವು ಹತ್ತಬಹುದು ಅಂದ್ರ ಧೈರ್ಯ ಮಾಡತೇನಿ."

ಮಾಸ್ತರರಿಗೆ ಯಾವ ರಾಜ ಎಷ್ಟು ವರ್ಷ ಆಳಿದ ಎಂಬುದು ಗೊತ್ತು. ಮೆಟ್ಟಿಲೆಷ್ಟು ಎಂಬುದನ್ನು ಆ ಪುಸ್ತಕದಲ್ಲಿ ಬರೆದಿರಲಿಲ್ಲ. ಏನೋ ಒಂದು ಹೇಳಿಬಿಡಬಹುದಿತ್ತು. ಆದರೆ ಮುದುಕಿ ತನ್ನ ಎರಡೂ ಮೊಣಕಾಲನ್ನು ಇವರ ಮಾತಿನ ಮೇಲೆ ಇಟ್ಟು ಕುಳಿತಿದ್ದಳು.

"ಸತ್ಯವ್ವಾರ," ಎಂದರು ಶಾಲು ತೆಗೆದಿಟ್ಟು, "ನಾ ಆ ಅರಮನಿ ನೋಡೇ ಇಲ್ಲ. ನಾಲ್ಕೂ ದಿನ ಸೊಂಟ ಹಿಡದು ಹೋಟೆಲ್‌ನ್ಯಾಗ ಬಿದ್ದಿದ್ದೆ."

ಹೇಳಿದ ಮೇಲೆ ಎದೆಯ ಮೇಲಿನ ಬೀಸುಕಲ್ಲು ಇಳಿಸಿದಂತಾಯಿತು. ಇನ್ನು ಏನಾದರೂ ಆಗಲಿ!

ಏನೂ ಆಗಲಿಲ್ಲ.

"ಗೊತ್ತೈತ್ರಿ ಸರ್," ಎಂದಳು ವಿದ್ಯಾ. "ಅವ್ವಗ ಒಬ್ಬಾಕಿಗೆ ಗೊತ್ತಿರಲಿಲ್ಲ. ಮೃಣಾಲಿನಿ ವೈನಿ ಊರಿಗೆ ಬಂದ ಮರುದಿನಾನ ಓಣಿಗೆಲ್ಲ ಹೇಳ್ಯಾರ. ನಾವು ಇತಿಹಾಸ ಕೇಳಾಕ ಬಂದೇವ್ರಿ, ಅದು ಖರೇ ಐತೆಲ್ಲಾ."

ಮಾಸ್ತರರು ಹೆಂಡತಿಯತ್ತ ನೋಡಿದರು. ಅವಳು ಅವಲಕ್ಕಿ ಹಂಚುತ್ತ ಸತ್ಯವ್ವನಿಗೆ ಹೇಳಿದಳು: "ಪಾವಟಿಗಿ ಭಾಳೇನಿಲ್ಲ, ಆದ್ರ ನಡಿಯೂದು ಭಾಳ ಅದ."

ಸತ್ಯವ್ವ ಕುರ್ಚಿಯನ್ನು ಮಾಸ್ತರರ ಕಡೆ ಎಳೆದುಕೊಂಡಳು. "ಅಷ್ಟು ನಡಿಯಾಕ ನನಗೆಲ್ಲಿ ಆಕ್ಕೈತಿ? ನನ್ನ ಇಲ್ಲೇ ಬಿಟ್ಟು ಹೋಗಾಕ ಮಗಳು ಒಲ್ಲೆ ಅಂತಾಳ. ಮಾಸ್ತರ, ನಾಕ್ ದಿನಾ ಹೋಟೆಲ್‌ನ್ಯಾಗ ಹೆಂಗ ಕಳದ್ರಿ, ಅದನ್ನ ಹೇಳ್ರಿ. ಅದರಾಗ ನಿಮ್ಮಷ್ಟು ತಿಳದವ್ರು ಯಾರದಾರ?"

ಉಳಿದವರು ತಟ್ಟೆ ಹಿಡಿದು ಒಬ್ಬೊಬ್ಬರಾಗಿ ಮೃಣಾಲಿನಿಯ ಹಿಂದೆ ಅಡುಗೆಮನೆಗೆ ನಡೆದರು, ಸೋಲ್ ಹೇಗಿದೆ ಎಂದು ಕೇಳಲು. ಮಾಸ್ತರರ ಲಕ್ಷ್ಯ ಅತ್ತ ಇರಲೇ ಇಲ್ಲ.

"ಮೊದಲನೇದ್ದು, ಮಂಚದ ಮ್ಯಾಲ ಮಲಗಬ್ಯಾಡ್ರಿ," ಎಂದರು ಮುಖ ಅರಳಿಸಿಕೊಂಡು. "ಅಲ್ಲಿ ನೆಲದ ಕೆಳಗ ಬಿಸಿನೀರು ಹರಸಿರತಾರ, ನೆಲಾನ ಬೆಚ್ಚಗ ಇರತದ. ಬೆನ್ನಿಗೆ ಏನ್ ಸುಖಾ ಅಂತೀರಿ!"