ಬೈಂಡರನ ಸ್ಯಾಂಡ್‌ವಿಚ್

ಅಂದು ಬೆಳಿಗ್ಗೆ ಮಳೆಯೂ ಬಾರದೆ ಬಿಸಿಲೂ ಬಾರದೆ, ಆಕಾಶ ಮುನಿಸಿಕೊಂಡ ಅತ್ತೆಯ ಮುಖದಂತೆ ಕಪ್ಪಿಟ್ಟಿತ್ತು. ಇಂಥ ಥಂಡಿಯಲ್ಲಿ ಅಂಟು ಬೇಗ ಆರದು. ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರನಿಗೆ ಅದರ ಚಿಂತೆಯಿಲ್ಲ. ಅವನ ಧ್ಯಾನವೆಲ್ಲ ಡಬ್ಬಿಯ ಮೇಲೆ. ಎರಡು ತುಂಡು ಬ್ರೆಡ್ಡು, ನಡುವೆ ಬೆಣ್ಣೆ, ನಾಲ್ಕು ಬಿಲ್ಲೆ ಸೌತೆಕಾಯಿ, ಚಿಟಿಕೆ ಉಪ್ಪು. ಹೆಂಡತಿ ಮಾಡಿಕೊಟ್ಟ ಆ ಸ್ಯಾಂಡ್‌ವಿಚ್ಚಿನ ಮುಂದೆ ಮೃಷ್ಟಾನ್ನವೂ ಅವನಿಗೆ ಕಸ.

ಆದರೆ ಅವನು ದುಡಿಯುವ ಅಚ್ಚುಕೂಟದ ರೂಢಿಯೇ ಕೆಟ್ಟದ್ದು: ಯಾರ ಡಬ್ಬಿ ತೆರೆದರೂ ಎಲ್ಲರಿಗೂ ಒಂದೊಂದು ತುತ್ತು. ನಿನ್ನೆಯಂತೂ ಮೆಷಿನ್ ನಡೆಸುವ ದಪ್ಪಣ್ಣ ಇಡೀ ಸ್ಯಾಂಡ್‌ವಿಚ್ಚನ್ನೇ ನುಂಗಿ, "ಸಪ್ಪೆ ಕಣಣ್ಣ" ಅಂದುಬಿಟ್ಟಿದ್ದ.

ಇವತ್ತು ಬೈಂಡರ್ ಅದನ್ನು ಕಾಗದದಲ್ಲಿ ಸುತ್ತಿ, ಒತ್ತುವ ಯಂತ್ರದಲ್ಲಿ ಪೇರಿಸಿದ್ದ ಹಸಿ ಪುಸ್ತಕಗಳ ಸಂದಿಯಲ್ಲಿ ಬಚ್ಚಿಟ್ಟ. ತಿರುಪು ಇನ್ನೂ ಬಿಗಿದಿರಲಿಲ್ಲ. ಕೈ ತೊಳೆದು ಬರುವಷ್ಟರಲ್ಲಿ ದಪ್ಪಣ್ಣ ಗಾಣದೆತ್ತಿನಂತೆ ಆ ತಿರುಪು ಸುತ್ತುತ್ತಿದ್ದ.

"ಅಯ್ಯಯ್ಯೋ, ಏನೋ ಮಾಡ್ತಿದೀಯ?"

"ನಿಮಗೆ ತೋಳು ನೋವಲ್ವಾ ಅಣ್ಣ? ಸಹಾಯ."

"ಒಂಚೂರು ಬಿಚ್ಚೋ!"

ಯಜಮಾನರು ಕನ್ನಡಕದ ಮೇಲಿಂದ ನೋಡಿದರು. "ಸಂಜೆವರೆಗೂ ಅದನ್ನ ಯಾರೂ ಮುಟ್ಟಕೂಡದು. ರಟ್ಟು ಸೊಟ್ಟಗಾದ್ರೆ ಅಷ್ಟನ್ನೂ ಕಿತ್ತು ನೀನೇ ಕಟ್ಟಬೇಕು!"

ಬಾಯಿ ಬಿಟ್ಟರೆ ಬಚ್ಚಿಟ್ಟದ್ದು ಬಯಲು. ಬಿಡದಿದ್ದರೆ ಹೊಟ್ಟೆ ತಾಳ ಹಾಕುತ್ತದೆ. ಮಧ್ಯಾಹ್ನ ಕೈ ಕಟ್ಟಿ ಕೂತವನನ್ನು ಲೆಕ್ಕ ಬರೆಯುವ ಅಕ್ಕ ಬಿಡಲಿಲ್ಲ.

"ಯಾಕೆ, ಹೆಂಡ್ತಿ ಜೊತೆ ಜಗಳಾನಾ?"

"ಉಪವಾಸ," ಅಂದ ಬೈಂಡರ್, ಹಲ್ಲು ಕಚ್ಚಿ.

"ಯಾವ ದೇವರಿಗೆ?"

"ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನಕ್ಕ? ಸುಮ್ನಿರಿ," ಅಂತ ದಪ್ಪಣ್ಣ ಸಮಾಧಾನ ಹೇಳಿ ಹೊರಗೆ ಹೋದ.

ಯಜಮಾನರು ಚಹಾ ಕುಡಿಯಲು ಎದ್ದದ್ದೇ ತಡ, ಬೈಂಡರ್ ತಿರುಪು ಬಿಚ್ಚಿದ. ಹಸಿ ಪುಸ್ತಕಗಳು ಹೆದರಿದ ಕುರಿಗಳಂತೆ ದಿಕ್ಕಿಗೊಂದು ಜಾರಿದವು. ಒಂದೊಂದನ್ನೇ ಕೊಡವಿದ. ಸ್ಯಾಂಡ್‌ವಿಚ್ ಇಲ್ಲ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ; ಇವನದು ಕೈಗೂ ಬರಲಿಲ್ಲ. ಬಾಗಿಲಲ್ಲಿ ಯಜಮಾನರ ದನಿ:

"ಪುಣ್ಯಾತ್ಮ! ಇಷ್ಟನ್ನೂ ಕಟ್ಟಿ ಮುಗಿಸಿಯೇ ಮನೆಗೆ ಹೋಗು!"

ಎಲ್ಲರೂ ಹೋದ ಮೇಲೆ ದಪ್ಪಣ್ಣ ಮೆಲ್ಲಗೆ ಬಂದು, ಅಂಟಿನ ಬಟ್ಟಲ ಪಕ್ಕ ಕಾಗದದ ಪೊಟ್ಟಣವೊಂದನ್ನು ಇಟ್ಟ.

"ಬಿಗಿಯೋಕೆ ಮುಂಚೆ ತೆಗೆದಿಟ್ಟಿದ್ದೆ ಅಣ್ಣ, ಜಜ್ಜಿ ಹೋಗ್ತಿತ್ತಲ್ಲ. ಎಲ್ಲರೆದುರು ಕೊಟ್ಟಿದ್ರೆ ನಿಮ್ಮ ಮಾನ ಹೋಗೋದು. ನಿನ್ನೆ ತಿಂದ ಋಣ, ಇವತ್ತಿಗೆ ತೀರಿತು."

ಬೈಂಡರನ ಕಣ್ಣು ತೇವವಾಯಿತು. ಪೊಟ್ಟಣ ಎತ್ತಿದ. ಯಾಕೋ ದಪ್ಪಗಿತ್ತು.

"ನಿಮ್ಮದು ಸಪ್ಪೆ ಅಲ್ವಾ? ಅದಕ್ಕೆ ಸೌತೆಕಾಯಿ ತೆಗೆದು ಒಂದು ಕಂತೆ ಸೊಪ್ಪು ತುಂಬಿದೀನಿ."

ಬಿಚ್ಚಿದ. ಬ್ರೆಡ್ಡಿನ ನಾಲ್ಕೂ ಕಡೆಯಿಂದ ಹಸಿರು ನೇತಾಡುತ್ತಿತ್ತು. ಬೈಂಡರ್ ಒಮ್ಮೆ ಮೇಲೆ ನೋಡಿ ನಿಟ್ಟುಸಿರು ಬಿಟ್ಟ.

"ಮೇಯಿಸ್ತಾನೆ ಕಣೋ," ಅಂದ.