ಬೋಗುಣಿಯಲ್ಲಿ ಹೋದ ಪಾಸ್‌ವರ್ಡ್

ಟಿಕೋಟಾದ ಆ ಓಣಿಗೆ ಅಂದು ಬೆಳಿಗ್ಗೆ ನಳ ಬಂದಿತ್ತು. ವಿಜಯಲಕ್ಷ್ಮೀ ಮೂರನೆಯ ಕೊಡ ಹಚ್ಚುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅವಳು ಟೀಚರ್ ಕೆಲಸ ಕೇಳಿದ್ದ ಬೆಳಗಾವಿಯ ಆನ್‌ಲೈನ್ ಟ್ಯೂಶನ್ ಕಂಪನಿಯ ಸಾಹೇಬರು.

“ಮೇಡಂ, ನಿನ್ನಿ ಟ್ರಯಲ್‌ನ್ಯಾಗ ನಿಮ್ಮ ಬಾಯಿ ತೆರದದ್ದು ತೆರದಂಗ ನಿಂತುಬಿಡ್ತು. ಇವತ್ತ ಹನ್ನೊಂದಕ್ಕ ಇನ್ನೊಮ್ಮೆ ನೋಡ್ತೀವಿ. ಕಡೀ ಸಲ. ಅಪ್‌ಲೋಡ್ ಎಷ್ಟೈತ್ರಿ ನಿಮ್ದು?”

“ನಲವತ್ತ ಐತ್ರಿ ಸರ್!”

“ಅದು ಡೌನ್‌ಲೋಡ್ರಿ, ನಿಮ್ಮನಿಗೆ ಬರೋದು. ನಾ ಕೇಳಿದ್ದು ನಿಮ್ಮನಿಂದ ಹೋಗೋದು.”

ಮನೆಯಿಂದ ಹೋಗುವುದಕ್ಕೂ ಒಂದು ಅಳತೆ ಇದೆಯೆಂದು ಬಿ.ಎಸ್ಸಿ., ಬಿ.ಇಡಿ. ಮಾಡಿದ ಗಣಿತದವಳಿಗೆ ಅಂದೇ ಗೊತ್ತಾದದ್ದು. ಫೋನು ಇಡುವಷ್ಟರಲ್ಲಿ ಕೊಡ ತುಂಬಿ ಹರಿದು ಅಂಗಳ ಭೂತನಾಳ ಕೆರೆಯಾಗಿತ್ತು.

ಫೋನಿನಲ್ಲೇ ವೇಗ ಅಳೆದು ನೋಡಿದಳು. ಬರುವುದು ನಲವತ್ತು ಎಂಬಿಪಿಎಸ್, ಹೋಗುವುದು ಒಂದೂ ಅಲ್ಲ, ಬರೀ ಅರ್ಧ. ವೈಫೈ ಹಾಕಿದ್ದ ನದೀಮನಿಗೆ ಫೋನು ಹಚ್ಚಿದಳು.

“ಅಕ್ಕಾರ, ಲೈನ್ ಚಲೋ ಐತಿ. ನಿಮ್ಮ ವೈಫೈಗೆ ಹದಿನಾಲ್ಕು ಮಂದಿ ಜೋತುಬಿದ್ದಾರ. ಪಾಸ್‌ವರ್ಡ್ ಯಾರಿಗೆ ಕೊಟ್ಟೀರಿ?”

ಯಾರಿಗೆ ತಾನೇ ಕೊಟ್ಟಿಲ್ಲ! ಪಲ್ಯ ಬಂದ ಬೋಗುಣಿಯನ್ನು ಬರಿದಾಗಿ ತಿರುಗಿ ಕೊಡಬಾರದು. ಒಮ್ಮೆ ಮನೆಯಲ್ಲಿ ಸಕ್ಕರೆಯೂ ಇರಲಿಲ್ಲವೆಂದು ಪಕ್ಕದ ಮನೆಯ ಜೀನತಳ ಬೋಗುಣಿಯಲ್ಲಿ ಪಾಸ್‌ವರ್ಡಿನ ಚೀಟಿ ಇಟ್ಟು ಕಳಿಸಿದ್ದಳು. ಅಂದಿನಿಂದ ಓಣಿಯ ಎಲ್ಲ ಮನೆಗಳಿಂದಲೂ ಪಲ್ಯ ಬರತೊಡಗಿತು. ಜನ ತನ್ನನ್ನು ಎಷ್ಟು ಹಚ್ಚಿಕೊಂಡಿದ್ದಾರಲ್ಲ ಎಂದು ಹಿಗ್ಗಿ, ಎಲ್ಲ ಬೋಗುಣಿಗೂ ಅದೇ ಚೀಟಿ ಹಾಕಿದ್ದಳು.

ಏಳು ವರ್ಷದ ಮಗಳು ಗೀತಾಂಜಲಿಯನ್ನು ಕರೆದುಕೊಂಡು ಮನೆಮನೆಗೆ ಹೊರಟಳು.

“ಬ್ಲೌಸ್ ಹೊಲಿಯೋದು ಲೈವ್ ತೋರಸಾಕತ್ತೇನಿ ವಿಜಯಾ, ನೂರು ಮಂದಿ ನೋಡಾಕತ್ತಾರ!” ಎಂದಳು ಜೀನತ. “ನೀ ಎಪ್ಪತ್ತರ ಅಪ್‌ಲೋಡ್ ಹಾಕಿಸ್ಕೋ.”

“ಎಪ್ಪತ್ತು ಯಾತಕ್ಕ ಸಾಲತೈತಿ? ಇನ್ನೂರು ಹಾಕ್ಸು ತಂಗಿ,” ಎಂದ ಹಿಂದಿನ ಮನೆಯ ಯಲಗೂರಪ್ಪ. ಅವನ ಹಿತ್ತಲಿನ ಒಣದ್ರಾಕ್ಷಿ ಶೆಡ್ಡಿನ ನಾಲ್ಕು ಕ್ಯಾಮರಾಗಳು ಅವಳ ವೈಫೈಯಿಂದಲೇ ದಿನವಿಡೀ ಚಿತ್ರ ಕಳಿಸುತ್ತಿದ್ದವು.

“ಅಲ್ಲೋ ಯಣ್ಣಾ, ಒಣಗೋ ದ್ರಾಕ್ಷಿ ಎದ್ದು ಓಡಿ ಹೋಗ್ತಾವೇನು?”

“ಅವು ಹೋಗಂಗಿಲ್ಲವ್ವಾ. ನಿಮ್ಮತ್ತಿ ಬರ್ತಾರ!”

ಕೈಮುಗಿದು ಕೈಮುಗಿದು, ಹನ್ನೆರಡರವರೆಗೆ ವೈಫೈ ಮುಟ್ಟದಂತೆ ಎಲ್ಲರನ್ನೂ ಒಪ್ಪಿಸಿದಳು. ಅಪ್‌ಲೋಡು ಇಪ್ಪತ್ತಕ್ಕೆ ಏರಿತು. ಆದರೆ ಮೊಬೈಲಿನಲ್ಲಿ ನೋಡಲು ಏನೂ ಉಳಿಯದ ಓಣಿ, ಹನ್ನೊಂದಕ್ಕೆ ಸರಿಯಾಗಿ ಅವಳ ಪಡಸಾಲೆಯಲ್ಲಿ ಬಂದು ಕುಳಿತಿತು.

ಪಾಠ ಭಿನ್ನರಾಶಿ. ಮೂರರಲ್ಲಿ ಒಂದು ದೊಡ್ಡದೋ, ನಾಲ್ಕರಲ್ಲಿ ಒಂದು ದೊಡ್ಡದೋ? ಅಂಶ, ಛೇದ ಎಂದು ಅವಳು ಹತ್ತು ನಿಮಿಷ ಬೆವರಿದಳು. ಪರೀಕ್ಷೆಗೆಂದು ಕಂಪನಿಯವರು ತೆರೆಯ ಆಚೆ ಕೂರಿಸಿದ್ದ ಹುಡುಗ ನೀರಿಗಿಳಿದ ಎಮ್ಮೆಯಂತೆ ಕಣ್ಣು ಬಿಟ್ಟುಕೊಂಡು, “ನಾಲ್ಕ ದೊಡ್ಡದಲ್ರೀ ಟೀಚರ್?” ಎಂದ.

ಹಿಂದೆ ಕುಳಿತು ಉಣ್ಣುತ್ತಿದ್ದ ಅತ್ತೆ ಅಕ್ಕನಾಗಮ್ಮನಿಗೆ ತಡೆಯಲಾಗಲಿಲ್ಲ. ರೊಟ್ಟಿ ಎತ್ತಿ ಹಿಡಿದರು. “ಲೇ ಯಪ್ಪಾ, ಈ ಒಂದು ರೊಟ್ಟಿ ಮೂರು ಮಂದಿ ಹಂಚ್ಕೊಂಡ್ರ ಹೊಟ್ಟಿ ತುಂಬತೈತೋ, ನಾಲ್ಕು ಮಂದಿ ಹಂಚ್ಕೊಂಡ್ರೋ?”

“ಮೂರು ಮಂದಿ, ಅಜ್ಜಿ!”

“ಮತ್ತ ಯಾವ ತುಣುಕು ದೊಡ್ಡದಾತು?”

ಹುಡುಗನ ಮುಖ ಅರಳಿತು. ಸಾಹೇಬರು ತೆರೆಯ ಮೇಲೆ ಬಂದರು. “ಚಿತ್ರ ಕನ್ನಡಿಯಂಗ ಸ್ವಚ್ಛ ಐತ್ರಿ ಮೇಡಂ. ಹಿಂದ ಕೂತವ್ರ ಮಾತು ಸೈತ ಒಂದೊಂದೂ ಕೇಳ್ತು. ಆಯ್ಕೆ ಆತ್ರಿ.”

ವಿಜಯಲಕ್ಷ್ಮೀ ಕಣ್ಣೊರೆಸಿಕೊಂಡಳು.

“ನಾಳಿಂದ ಕಲಸಾಕ ಅಜ್ಜಿಯವ್ರಿಗೆ ಕ್ಲಾಸ್ ಕೊಡ್ತೀವ್ರಿ,” ಎಂದರು ಸಾಹೇಬರು.

ಪಡಸಾಲೆ ಚಪ್ಪಾಳೆ ತಟ್ಟಿತು. “ನಾಳಿಂದ ರೊಟ್ಟಿ ನೀನ ಬಡಿಯವ್ವಾ, ನನಗ ಪುರಸೊತ್ತಿಲ್ಲ,” ಎಂದರು ಅತ್ತೆ.

ಸೊಸೆಯ ಮುಖ ನೋಡಿ ಸಾಹೇಬರಿಗೆ ಕನಿಕರ ಬಂತು. “ಒಂದ ಹೊತ್ತಿಗೆ ಎರಡು ಕ್ಲಾಸ್ ನಡಿಯೋವಷ್ಟು ಅಪ್‌ಲೋಡ್ ಮನ್ಯಾಗಿದ್ರ, ಮುಂದ ನಿಮ್ಮನ್ನೂ ನೋಡೋಣ್ರಿ.”

ತಕ್ಷಣ ಒಣದ್ರಾಕ್ಷಿ ಹರಾಜಿನಂತೆ ಓಣಿಯೆಲ್ಲ ಎಪ್ಪತ್ತು, ಇನ್ನೂರು ಎಂದು ತನ್ನ ತನ್ನ ಅಂಕಿ ಕೂಗತೊಡಗಿತು. ವಿಜಯಲಕ್ಷ್ಮೀ ಎಲ್ಲವನ್ನೂ ಬರೆದುಕೊಳ್ಳಲು ಪೆನ್ನು ಹುಡುಕಿದಳು. ಗೀತಾಂಜಲಿ ಅವ್ವನ ತೊಡೆಯೇರಿ, ಫೋನಿಗೆ ಬಾಯಿ ಹಚ್ಚಿದಳು.

“ಸರ್, ಎರಡು ಕ್ಲಾಸಿಗೆ ಖರೇನ ಎಷ್ಟು ಬೇಕ್ರಿ?”