ಹೆಬ್ಬಾಗಿಲ ಕೆಳಗೆ ನಕ್ಕ ತೋಕುಜಿ

ಬದುಕಿದ್ದಷ್ಟು ದಿನ ಯಾರ ಅನುಕೂಲವನ್ನೂ ನೋಡದ ಗೆನ್ಸಾಕು ಮುದುಕ, ಸಾಯುವುದಕ್ಕೂ ಆ ಭಾನುವಾರದ ಬೆಳಗನ್ನೇ ಆರಿಸಿಕೊಂಡ.

ತಮ್ಮನ ಮಗ ತೋಕುಜಿ ಮಹಡಿಯ ಕೋಣೆಯಲ್ಲಿ ಹಾಸಿಗೆಯ ಪಕ್ಕ ಮಂಡಿಯೂರಿ ಆ ತಣ್ಣನೆಯ ಕೈ ಮುಟ್ಟಿ ನೋಡಿದ. ಅಳು ಬಂತು. ಅಳುವಿನ ಹಿಂದೆಯೇ, ಸರದಿ ತಪ್ಪಿಸಿ ನುಗ್ಗುವವನ ಹಾಗೆ, ಫೋಟೋದ ಯೋಚನೆಯೂ ಬಂತು.

ಪುರಸಭೆಯ ನೀರಿನ ಮೀಟರು ನೋಡುವ ತೋಕುಜಿ ಈವರೆಗೆ ಯಾವ ಫೋಟೋದಲ್ಲೂ ನೆಟ್ಟಗೆ ಕಂಡವನಲ್ಲ. ಸ್ವಂತ ಮದುವೆಯ ಫೋಟೋದಲ್ಲೇ ಮಾವನ ಟೋಪಿಯ ಹಿಂದಿನ ಅರ್ಧ ಹಣೆ ಅವನು. ಇವತ್ತು ಮಾತ್ರ ಪತ್ರಿಕೆಯವನು ಅವನಿಗಾಗಿಯೇ ಬರುವವನಿದ್ದ. ಲಾಟ್ವಿಯಾದ ವಿದ್ಯಾರ್ಥಿನಿ ಇಲ್ಜೆ ತಿಂಗಳಮಟ್ಟಿಗೆ ಅವರ ಮನೆಮಗಳಾಗಿ ಇರಲು ಬಂದಿದ್ದಳು. ಅವಳನ್ನು ಬೆಟ್ಟದ ಗುಡಿಗೆ ಕರೆದೊಯ್ಯುವಾಗ ಕೆಂಪು ಹೆಬ್ಬಾಗಿಲ ಕೆಳಗೊಂದು ಫೋಟೋ. ಸಂಜೆಯ ಪತ್ರಿಕೆಯಲ್ಲಿ ತೋಕುಜಿಯ ಇಡೀ ಮುಖ.

ಆದರೆ ಸಾವಾದ ಮನೆಯವರು ಐವತ್ತು ದಿನ ಆ ಹೆಬ್ಬಾಗಿಲ ಕೆಳಗೆ ಕಾಲಿಡುವಂತಿಲ್ಲ. ದೇವರಿಗೆ ಸೂತಕ ಆಗದು. ಹೋಗಲೇಬೇಕಾದವರು ಕಂಬದ ಪಕ್ಕದ ಹುಲ್ಲಲ್ಲಿ ತಲೆತಗ್ಗಿಸಿ ಸುತ್ತಿಕೊಂಡು ಹೋಗಬೇಕು. ಸುದ್ದಿ ಹೊರಬಿದ್ದರೆ ಇಲ್ಜೆಯ ಜೊತೆ ಫೋಟೋಕ್ಕೆ ನಿಲ್ಲುವವನು ಪಕ್ಕದ ಮನೆಯ ಓಗಿನೊ. ಅವನೋ, ಬರೀ ದಪ್ಪ ಮೂಲಂಗಿ ಬೆಳೆದು ಪತ್ರಿಕೆಯಲ್ಲಿ ಬಂದವನು!

"ದೊಡ್ಡಪ್ಪ ಸಂಜೆ ಸಾಯ್ಲಿ," ಎಂದ ತೋಕುಜಿ, ಅಡಿಗೆಮನೆಗೆ ಬಂದು.

ಹೆಂಡತಿ ಫುಸಾಯೆ ಸೌಟು ಕೆಳಗಿಟ್ಟಳು. "ಏನಂದ್ರಿ?"

"ಹೋಗ್ಬಿಟ್ಟಿದಾರೆ ಕಣೇ. ಆದ್ರೆ ಸಂಜೆ ಹೋಗ್ತಾರೆ. ಅಲ್ಲೀವರೆಗೂ ನಿದ್ದೆ."

"ನಿಮ್ಮನ್ನ ಎತ್ತಿ ಆಡಿಸಿದೋರು ಕಣ್ರೀ ಅವ್ರು!"

"ಅದಕ್ಕೇ ಅವ್ರು ಬೇಜಾರು ಮಾಡ್ಕೊಳ್ಳಲ್ಲ."

ಫುಸಾಯೆಯ ಕಣ್ಣೀರು ಬಿದ್ದು ಅವತ್ತಿನ ಮಿಸೊ ಸಾರು ಉಪ್ಪಾಯಿತು. ಇಲ್ಜೆ ಕೆಂಪು ಕಣ್ಣು ಹೊತ್ತು ಮಹಡಿ ಇಳಿದು ಬಂದಳು. ಪ್ರಯಾಣದ ಆಯಾಸ ಎಂದುಕೊಂಡ ತೋಕುಜಿ.

"ಅಪ್ಪ... ಅಜ್ಜ..." ಎಂದಳು.

"ಮಲಗಿದಾರಮ್ಮ. ಎಬ್ಬಿಸ್ಬೇಡ."

ಹುಡುಗಿ ಅವನನ್ನೇ ನೋಡಿದಳು. ಆಮೇಲೆ ಸೊಂಟ ಮುರಿಯುವಷ್ಟು ಬಾಗಿ, "ಅರ್ಥ ಆಯ್ತು, ಅಪ್ಪ," ಎಂದಳು.

ಅಷ್ಟರಲ್ಲಿ ಓಗಿನೊ ಮೂಲಂಗಿ ಉಪ್ಪಿನಕಾಯಿ ಹಿಡಿದು ಒಳಗೇ ಬಂದ. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ: "ಏಯ್ ಮುದುಕಾ! ನಿನ್ನೆ ಅರ್ಧಕ್ಕೆ ಬಿಟ್ಟ ಆಟ ಮುಗ್ಸು ಬಾ! ಸೋಲ್ತೀನಿ ಅಂತ ಸತ್ತೋನ ಹಾಗೆ ಬಿದ್ಕೊಂಡಿದೀಯಾ, ಹೇಡಿ?"

ಫುಸಾಯೆ ಮುಖ ಮುಚ್ಚಿಕೊಂಡು ಒಳಗೆ ಓಡಿದಳು.

"ಏನಾಯ್ತು ಅವ್ರಿಗೆ?"

"ಈರುಳ್ಳಿ," ಎಂದ ತೋಕುಜಿ. ಓಗಿನೊ ಮೆಟ್ಟಿಲು ಹತ್ತತೊಡಗಿದಾಗ, ಒಣಹಾಕಿದ ಮೀನಿನ ಹಾಗೆ ಕೈಕಾಲು ಅಗಲಿಸಿ ಅಡ್ಡ ನಿಂತ. "ಬೇಡ! ಅವ್ರಿಗೆ ಜ್ವರ!"

"ಡಾಕ್ಟರನ್ನ ಕರೀಲಾ?"

"ಇನ್ನು ಡಾಕ್ಟರ ಅವಶ್ಯಕತೆ ಇಲ್ಲ."

ಅವತ್ತು ಓಗಿನೊನ ಮುಂದೆ ಅವನಾಡಿದ ಒಂದೇ ನಿಜ ಅದು.

"ಹಾಗಾದ್ರೆ ನಾನೂ ಗುಡಿಗೆ ಬರ್ತೀನಿ. ಆ ಜಗಳಗಂಟನ ಆಯಸ್ಸು ಗಟ್ಟಿಯಾಗ್ಲಿ ಅಂತ ಬೇಡ್ಕೋತೀನಿ," ಎಂದು ಓಗಿನೊ ಚಪ್ಪಲಿ ಮೆಟ್ಟಿಯೇಬಿಟ್ಟ.

ಹೆಬ್ಬಾಗಿಲ ಆಚೆ ಪತ್ರಿಕೆಯವನು ಕ್ಯಾಮೆರಾ ಹಿಡಿದು ಕಾಯುತ್ತಿದ್ದ. ಇಲ್ಜೆ ಅವನ ತೋಳು ಹಿಡಿದೆಳೆದಳು. "ಅಪ್ಪ, ಆ ಕಡೆಯಿಂದ ಹೋಗೋಣ."

"ಆ ಕಡೆ ಇರೋ ಕೊಳ ಆಮೇಲೆ ನೋಡೋಣಮ್ಮ. ಮೊದಲು ಫೋಟೋ!"

ಕಣ್ಣುಮುಚ್ಚಿ ಒಂದು ಹೆಜ್ಜೆ. ಸಿಡಿಲು ಬೀಳಲಿಲ್ಲ. ಕಣ್ಣು ತೆರೆದು, ಎದೆಯುಬ್ಬಿಸಿ, ಹಲ್ಲೆಲ್ಲ ಕಾಣುವ ಹಾಗೆ ನಕ್ಕ. ಕ್ಲಿಕ್.

ಪಕ್ಕಕ್ಕೆ ತಿರುಗಿದರೆ ಇಲ್ಜೆ ಇಲ್ಲ. ಅವಳು ಕಂಬದಾಚೆ, ಒದ್ದೆ ಹುಲ್ಲಿನಲ್ಲಿ, ತಲೆತಗ್ಗಿಸಿ ಸುತ್ತಿಕೊಂಡು ಬರುತ್ತಿದ್ದಳು.

"ಹಾಗೆ ಬರೋದು ಸೂತಕದೋರು ಕಣಮ್ಮ," ಎಂದ ಓಗಿನೊ. "ನಿಮ್ಮೂರಲ್ಲಿ ಯಾರಾದ್ರೂ...?"

"ಊರಲ್ಲಲ್ಲ, ಮನೇಲಿ." ಇಲ್ಜೆ ಪದಗಳನ್ನು ಒಂದೊಂದಾಗಿ ಹುಡುಕಿದಳು. "ಬೆಳಿಗ್ಗೆ ಅಜ್ಜನಿಗೆ ಟೀ ತಗೊಂಡು ಹೋದೆ. ಅಜ್ಜ ಇರ್ಲಿಲ್ಲ. ನನಗೆ ದುಃಖ ಆಗ್ಬಾರ್ದು ಅಂತ ಅಪ್ಪ ಮುಚ್ಚಿಟ್ರು. ಅಪ್ಪನಿಗೆ ದುಃಖ ಆಗ್ಬಾರ್ದು ಅಂತ ನಾನೂ ಮುಚ್ಚಿಟ್ಟೆ. ಆದ್ರೆ ದೇವರ ಮುಂದೆ ಹೇಗೆ? ಸೂತಕದೋರ ದಾರಿ ಪುಸ್ತಕದಲ್ಲಿ ಓದಿದ್ದೆ." ಅವಳು ತೋಕುಜಿಯ ಪಾದ ನೋಡಿದಳು. "ಪಾಪ, ಅಪ್ಪ ಸಂಕಟದಲ್ಲಿ ದಾರಿ ತಪ್ಪಿದ್ರು."

ಓಗಿನೊ ಟೋಪಿ ತೆಗೆದ. "ನಾನವನನ್ನ ಹೇಡಿ ಅಂದ್ನಲ್ಲ," ಎಂದು ಅಲ್ಲೇ ಕುಸಿದು ಕೂತ. ಗುಡಿಯ ಪೂಜಾರಿ ಮೈಲಿಗೆ ಕಳೆಯಲು ಉಪ್ಪು ತಂದು ತೋಕುಜಿ ನಿಂತ ಜಾಗಕ್ಕೆಲ್ಲ ಎರಚಿದ. ಸಾಲದೆನಿಸಿ ತೋಕುಜಿಯ ಮೇಲೂ ಎರಚಿದ.

ತೋಕುಜಿ ಪತ್ರಿಕೆಯವನ ಕೈ ಹಿಡಿದುಕೊಂಡ. "ನಿಮ್ಮ ದಮ್ಮಯ್ಯ, ಆ ಫೋಟೋ ಹಾಕ್ಬೇಡಿ."

"ತೆಗೆದ ಕೂಡ್ಲೇ ಫೋನಲ್ಲಿ ಕಳಿಸ್ಬಿಟ್ನಲ್ಲ ಸ್ವಾಮಿ, ಪುಟ ಕಾಯ್ತಿತ್ತು," ಎಂದು ಅವನು ಬಾಗಿ ಕ್ಷಮೆ ಕೇಳಿದ.

ಸಂಜೆ ದೊಡ್ಡಪ್ಪನ ತಲೆಯ ಬಳಿ ಊದುಬತ್ತಿ ಉರಿಯುತ್ತಿತ್ತು. ಕಪ್ಪು ಬಟ್ಟೆ ತೊಟ್ಟ ನೆರೆಯವರು ಒಬ್ಬೊಬ್ಬರಾಗಿ ಬಂದರು. ಹೆಣಕ್ಕೆ ಬಾಗಿದರು, ತೋಕುಜಿಗೆ ಬಾಗಿದರು, ಏಳುವ ಮುನ್ನ ಅವನ ಮುಖವನ್ನೊಮ್ಮೆ ಚೆನ್ನಾಗಿ ನೋಡಿಕೊಂಡರು. ಯಾರೂ ತುಟಿ ಬಿಚ್ಚಲಿಲ್ಲ, ಮರ್ಯಾದಸ್ಥರು. ಆ ಮೌನಕ್ಕೆ ತೋಕುಜಿ ಕೊನೆಗೂ ಬಿಕ್ಕಿ ಬಿಕ್ಕಿ ಅತ್ತ.

ಕಿವಿ ಕೇಳದ ತೋಫು ಅಂಗಡಿಯ ಅಜ್ಜಿ ಅವನ ಬೆನ್ನು ಸವರಿ, ಬೀದಿಗೆಲ್ಲ ಕೇಳುವ ಹಾಗೆ ಸಮಾಧಾನ ಹೇಳಿದಳು:

"ಅಳ್ಬೇಡ ಮಗನೇ, ಅಳೋ ಮುಖ ನಿಂಗೆ ಒಪ್ಪಲ್ಲ. ಪೇಪರಲ್ಲಿ ಎಷ್ಟು ಚೆನ್ನಾಗಿ ನಗ್ತಿದೀಯ!"